ಬೆನ್ ಹೋಗನ್ ಅವರ ಗಾಲ್ಫ್ ‘ಗುಟ್ಟು’: ಎಲ್ಲರಿಗೂ ಆಗುವ ಮದ್ದೇ ಅದು?

ದೊಡ್ಡ ಆಟಗಾರರೊಬ್ಬರ ‘ಗುಟ್ಟು’ ಎಂದರೆ ಸಾಕು, ನಾವು ಮರುಕ್ಷಣವೇ ನಾಲ್ಕು ಗ್ರೂಪ್‌ಗಳಿಗೆ ಫಾರ್ವರ್ಡ್ ಮಾಡಿಬಿಡುತ್ತೇವೆ. ಗಾಲ್ಫ್ ಲೋಕದಲ್ಲಿ ಇಂತಹ ಗುಟ್ಟುಗಳ ಪೈಕಿ ಬಹಳ ಹೆಸರಾದದ್ದು ಅಮೆರಿಕದ ಬೆನ್ ಹೋಗನ್ ಅವರದು. ಅವರಂತೆ ಮಣಿಕಟ್ಟು ಬಾಗಿಸಿದರೆ ಯಾರ ಚೆಂಡಾದರೂ ನೇರವಾಗುತ್ತದೆ ಎಂದು ನಂಬಿದವರು ಇಂದಿಗೂ ಇದ್ದಾರೆ. ಇದು ನಿಜವೇ? ಉತ್ತರ ಹೋಗನ್ ಅವರ ಬದುಕಿನಲ್ಲೇ ಇದೆ.

ಹುಟ್ಟು ಪ್ರತಿಭೆಯೇ?

ಅಲ್ಲ. ಹೋಗನ್ ಹುಟ್ಟಿದ್ದು 1912ರ ಆಗಸ್ಟ್ 13ರಂದು, ಟೆಕ್ಸಾಸ್ ರಾಜ್ಯದಲ್ಲಿ. ತಂದೆ ಕಮ್ಮಾರ. 1922ರಲ್ಲಿ ತಂದೆ ಆತ್ಮಹತ್ಯೆ ಮಾಡಿಕೊಂಡಾಗ ಹುಡುಗನಿಗೆ ಒಂಬತ್ತು ವರ್ಷ. ಮನೆ ನಡೆಯಲು ಮಕ್ಕಳೂ ದುಡಿಯಬೇಕಾಯಿತು. ಫೋರ್ಟ್ ವರ್ತ್ ನಗರದಲ್ಲಿ ಪೇಪರ್ ಮಾರಿದ ಆ ಹುಡುಗ, ಹನ್ನೊಂದನೇ ವಯಸ್ಸಿಗೆ ಗ್ಲೆನ್ ಗಾರ್ಡನ್ ಕ್ಲಬ್ಬಿನಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಸೇರಿದ. ಮುಂದೆ ದಿಗ್ಗಜರಾದ ಬೈರನ್ ನೆಲ್ಸನ್ ಕೂಡ ಅಲ್ಲೇ ಕ್ಯಾಡಿಯಾಗಿದ್ದರು.

1930ರಲ್ಲಿ, 17ರ ಹರೆಯದಲ್ಲಿ ಹೋಗನ್ ವೃತ್ತಿಪರ ಆಟಗಾರರಾದರು. ಆದರೆ ಟೂರ್ನಿಯೊಂದನ್ನು ಒಬ್ಬರೇ ಗೆಲ್ಲಲು 1940ರವರೆಗೆ ಕಾಯಬೇಕಾಯಿತು. ನಡುವಿನ ವರ್ಷಗಳಲ್ಲಿ ಕೈಯಲ್ಲಿದ್ದ ದುಡ್ಡು ಖಾಲಿಯಾಗಿ ಊರಿಗೆ ಮರಳಿದ್ದೂ ಉಂಟು.

ಹಿಂದೆ ಬಿದ್ದಿದ್ದ ‘ಹುಕ್’

ಅವರನ್ನು ಕಾಡಿದ್ದು ಹುಕ್. ಬಲಗೈ ಆಟಗಾರ ಹೊಡೆದ ಚೆಂಡು ಗಾಳಿಯಲ್ಲಿ ಜೋರಾಗಿ ಎಡಕ್ಕೆ ತಿರುಗಿದರೆ ಅದು ಹುಕ್. ಬಲಕ್ಕೆ ತಿರುಗಿದರೆ ಸ್ಲೈಸ್.

ಚೆಂಡು ಹೀಗೇಕೆ ತಿರುಗುತ್ತದೆ? ಎರಡು ವಿಷಯ ನೆನಪಿಡಿ: ಚೆಂಡಿಗೆ ತಾಗುವಾಗ ಕ್ಲಬ್ಬಿನ ಮುಖ ಎತ್ತ ನೋಡುತ್ತಿದೆ, ಮತ್ತು ಕ್ಲಬ್ ಯಾವ ಹಾದಿಯಲ್ಲಿ ಬರುತ್ತಿದೆ. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಾಗಿ ನಿರ್ಧರಿಸುವುದು ಮುಖ. ಮುಖ ಮತ್ತು ಹಾದಿ ಹೊಂದದಿದ್ದಾಗ ಚೆಂಡು ಓರೆಯಾಗಿ ಗಿರಕಿ ಹೊಡೆದು ಬಾಗುತ್ತದೆ. ಹಾದಿಗಿಂತ ಮುಖ ಎಡಕ್ಕಿದ್ದರೆ ಹುಕ್, ಬಲಕ್ಕಿದ್ದರೆ ಸ್ಲೈಸ್.

ತಾಗುವ ಹೊತ್ತಿಗೆ ಕೈಯಿಂದ ಸರಿಪಡಿಸಿಕೊಳ್ಳೋಣವೆಂದರೆ ಅದು ಆಗದ ಮಾತು. ಕ್ಲಬ್ ಕೆಳಗಿಳಿಯಲು ಹಿಡಿಯುವ ಸಮಯವೇ ಸುಮಾರು ಕಾಲು ಸೆಕೆಂಡು. ಒಂದು ಸೆಕೆಂಡನ್ನು 2000 ಪಾಲು ಮಾಡಿದರೆ, ಚೆಂಡಿಗೂ ಕ್ಲಬ್ಬಿಗೂ ಇರುವ ಸಂಪರ್ಕ ಅದರಲ್ಲಿ ಹೆಚ್ಚುಕಡಿಮೆ ಒಂದೇ ಪಾಲು. ನಮ್ಮ ಮೆದುಳು ಅಷ್ಟು ಬೇಗ ಕೈಗೆ ಹೇಳಲಾರದು.

ಹಾಗಾಗಿ ಹೋಗನ್ ಹಿಡಿತದಿಂದಲೇ ತಿದ್ದಲು ಹೊರಟರು. ಎಡಗೈ ಹಿಡಿತವನ್ನು ಬದಲಿಸಿದರು. ಕ್ಲಬ್ ಮೇಲೆ ಹೋದಾಗ ಎಡ ಮಣಿಕಟ್ಟನ್ನು ಹಿಮ್ಮುಖವಾಗಿ ತುಸು ಬಾಗಿಸಿ, ಮುಖ ಬೇಗ ಮುಚ್ಚಿಕೊಳ್ಳದಂತೆ ನೋಡಿಕೊಂಡರು. ದಿನವಿಡೀ ಚೆಂಡು ಹೊಡೆದು ಅಭ್ಯಾಸ ಮಾಡುವುದರಲ್ಲಿ ಅವರನ್ನು ಮೀರಿಸಿದವರು ಆ ಕಾಲದಲ್ಲಿ ವಿರಳ. 1946ರಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದರು. 1948ರಲ್ಲಿ ಅದನ್ನು ಮತ್ತೆ ಗೆದ್ದು, ಯುಎಸ್ ಓಪನ್ ಕೂಡ ತಮ್ಮದಾಗಿಸಿಕೊಂಡರು.

ಅಪಘಾತ: ಪವಾಡವೇ, ಚಿಕಿತ್ಸೆಯೇ?

1949ರ ಫೆಬ್ರವರಿ 2. ಟೆಕ್ಸಾಸ್‌ನ ವ್ಯಾನ್ ಹಾರ್ನ್ ಬಳಿ ಮಂಜು ಕವಿದ ರಸ್ತೆ. ಲಾರಿಯೊಂದನ್ನು ಹಿಂದಿಕ್ಕಲು ಬಂದ ಬಸ್ಸು ಹೋಗನ್ ಕಾರಿಗೆ ಎದುರಿನಿಂದ ಡಿಕ್ಕಿ ಹೊಡೆಯಿತು. ಪಕ್ಕದಲ್ಲಿದ್ದ ಪತ್ನಿ ವ್ಯಾಲರಿಯನ್ನು ಉಳಿಸಲು ಹೋಗನ್ ಆಕೆಯ ಮೇಲೆ ಅಡ್ಡಬಿದ್ದರು. ಸ್ಟೀರಿಂಗ್ ಕಂಬ ಚಾಲಕನ ಸೀಟನ್ನು ಸೀಳಿಕೊಂಡು ಹೋಯಿತು. ಅಲ್ಲೇ ಕುಳಿತಿದ್ದರೆ ಅವರು ಬದುಕುತ್ತಿರಲಿಲ್ಲ.

ಇದನ್ನು ಓದಿ ಸೀಟ್ ಬೆಲ್ಟ್ ಬೇಡ ಎಂದುಕೊಳ್ಳಬೇಡಿ. ಅಂದಿನ ಕಾರುಗಳಲ್ಲಿ ಬೆಲ್ಟ್ ಸಾಮಾನ್ಯವಾಗಿ ಇರುತ್ತಲೇ ಇರಲಿಲ್ಲ. ಇಂದು ಅಪಘಾತದಲ್ಲಿ ಜೀವ ಉಳಿಸುವುದು ಬೆಲ್ಟೇ.

ಸೊಂಟದ ಮೂಳೆ, ಕೊರಳ ಮೂಳೆ, ಎಡ ಪಾದದ ಗಂಟು ಮುರಿದಿದ್ದವು. ಅದಕ್ಕಿಂತ ಅಪಾಯ ಬಂದದ್ದು ಆಮೇಲೆ: ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶದತ್ತ ಹೊರಟಿತು. ಆಲ್ಟನ್ ಆಕ್ಸ್‌ನರ್ ಎಂಬ ಶಸ್ತ್ರವೈದ್ಯರನ್ನು ಸೇನಾ ವಿಮಾನದಲ್ಲಿ ಕರೆತರಲಾಯಿತು. ಕಾಲುಗಳಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯನ್ನೇ ಅವರು ಕಟ್ಟಿದರು. ಜೀವ ಉಳಿಯಿತು. ಆದರೆ ರಕ್ತ ಸರಾಗವಾಗಿ ಮೇಲೇರದೆ ಕಾಲುಗಳು ಊದಿಕೊಳ್ಳುವ ತೊಂದರೆ ಜೀವನಪೂರ್ತಿ ಉಳಿದುಕೊಂಡಿತು.

ಹೋಗನ್ ಮನೋಬಲದಿಂದಲೇ ಗುಣವಾದರು ಎಂದು ಹೇಳುವವರಿದ್ದಾರೆ. ಮನೋಬಲ ಇತ್ತು, ನಿಜ. ಆದರೆ ಮೊದಲು ಕೆಲಸ ಮಾಡಿದ್ದು ಶಸ್ತ್ರಚಿಕಿತ್ಸೆ, ನಂತರ ತಿಂಗಳುಗಟ್ಟಲೆ ಹೆಜ್ಜೆ ಹೆಜ್ಜೆಯಾಗಿ ನಡೆದ ಅಭ್ಯಾಸ. ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡೇ ಅವರು 1950ರ ಜೂನ್‌ನಲ್ಲಿ ಮೆರಿಯನ್ ಮೈದಾನಕ್ಕಿಳಿದರು. ಒಂದೇ ದಿನ 36 ಹೋಲ್ ಆಡಿ, ಮರುದಿನ ಮತ್ತೆ 18 ಹೋಲ್‌ಗಳ ಪ್ಲೇಆಫ್ ಆಡಿ ಯುಎಸ್ ಓಪನ್ ಗೆದ್ದರು. ಒಟ್ಟು ಒಂಬತ್ತು ಮೇಜರ್ ಪ್ರಶಸ್ತಿಗಳಲ್ಲಿ ಆರು ಬಂದದ್ದು ಅಪಘಾತದ ನಂತರ. 1953ರಲ್ಲಂತೂ ಆರು ಟೂರ್ನಿಗಳಲ್ಲಿ ಆಡಿ ಐದನ್ನು ಗೆದ್ದರು. ಮಾಸ್ಟರ್ಸ್, ಯುಎಸ್ ಓಪನ್ ಮತ್ತು ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಬ್ರಿಟಿಷ್ ಓಪನ್ ಮೂರೂ ಅದರಲ್ಲಿ ಸೇರಿದ್ದವು.

ಗುಟ್ಟು ಹೊರಬಿತ್ತು, ಗೊಂದಲ ಶುರುವಾಯಿತು

1955ರಲ್ಲಿ ಲೈಫ್ ಪತ್ರಿಕೆಯಲ್ಲಿ ಹೋಗನ್ ತಮ್ಮ ಗುಟ್ಟನ್ನು ಬಿಚ್ಚಿಟ್ಟರು. ಅದು ಮೇಲೆ ಹೇಳಿದ ಹಿಡಿತ ಮತ್ತು ಮಣಿಕಟ್ಟಿನ ಬದಲಾವಣೆಯೇ. ಓದಿದವರು ಅದನ್ನು ತಮ್ಮ ಆಟಕ್ಕೂ ಅಳವಡಿಸಿಕೊಳ್ಳಲು ಹೊರಟರು.

ತೊಡಕು ಇರುವುದು ಇಲ್ಲೇ. ಆ ಬದಲಾವಣೆ ಹುಕ್ ತಡೆಯಲು, ಅಂದರೆ ಮುಖವನ್ನು ತೆರೆದಿಡಲು ಇದ್ದದ್ದು. ಹವ್ಯಾಸಿ ಆಟಗಾರರಲ್ಲಿ ಹೆಚ್ಚಿನವರನ್ನು ಕಾಡುವುದು ಸ್ಲೈಸ್. ಅವರ ಕ್ಲಬ್ಬಿನ ಮುಖ ಮೊದಲೇ ತೆರೆದಿರುತ್ತದೆ. ಹೋಗನ್ ಗುಟ್ಟನ್ನು ನಕಲು ಮಾಡಿದರೆ ಅದು ಇನ್ನಷ್ಟು ತೆರೆದು ಸ್ಲೈಸ್ ಹೆಚ್ಚುತ್ತದೆ. ಪಕ್ಕದ ಮನೆಯವರ ಔಷಧಿ ಚೀಟಿ ತಂದು ನಾವು ಮಾತ್ರೆ ನುಂಗಿದ ಹಾಗೆ!

ಹಾಗಾದರೆ ಎಲ್ಲರಿಗೂ ಆಗುವುದು ಯಾವುದು?

ಅದು 1957ರ ಅವರ ‘ಫೈವ್ ಲೆಸನ್ಸ್’ ಪುಸ್ತಕದಲ್ಲಿದೆ. ಕ್ಲಬ್ಬನ್ನು ಕೆಳಗಿಳಿಸುವ ಚಲನೆ ಸೊಂಟ ತಿರುಗುವುದರಿಂದ ಶುರುವಾಗಬೇಕು, ಕೈಗಳಿಂದಲ್ಲ ಎಂಬುದು ಅದರ ಮುಖ್ಯ ಪಾಠ. ದೇಹದ ಚಲನೆಯನ್ನು ಉಪಕರಣಗಳಿಂದ ಅಳೆದ ನಂತರದ ಸಂಶೋಧಕರೂ ನುರಿತ ಆಟಗಾರರಲ್ಲಿ ಸಾಮಾನ್ಯವಾಗಿ ಇದೇ ಕ್ರಮ ಕಂಡಿದ್ದಾರೆ: ಮೊದಲು ಸೊಂಟ, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್. ಕಲ್ಲಿನ ಮೇಲೆ ಬಟ್ಟೆ ಒಗೆಯುವವರನ್ನು ನೋಡಿ, ಬರಿಯ ಕೈಯಿಂದ ಬಡಿಯುವುದಿಲ್ಲ, ಸೊಂಟದಿಂದ ಬಲ ತರುತ್ತಾರೆ.

ಸೊಂಟಕ್ಕಿಂತ ಮೊದಲು ಭುಜ, ಕೈಗಳು ಧಾವಿಸಿದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಕತ್ತರಿಸಿದಂತೆ ಬರುತ್ತದೆ. ಸ್ಲೈಸ್ ಹುಟ್ಟುವ ಹಾದಿ ಅದೇ. ಸೊಂಟ ಮುಂದಾದರೆ ಕ್ಲಬ್ ಒಳಗಿನಿಂದ ಇಳಿಯಲು ಜಾಗ ಸಿಗುತ್ತದೆ. ಅತಿಯಾದರೂ ತೊಂದರೆಯೇ: ಸೊಂಟ ಓಡಿ, ತೋಳು ತೀರಾ ಹಿಂದುಳಿದರೆ ಹುಕ್ ಬರಬಹುದು.

ಅಭ್ಯಾಸ ಮಾಡುವವರು ಮೊದಲು ಕ್ಲಬ್ಬನ್ನು ಎದೆಗೆ ಅಡ್ಡಲಾಗಿ ಹಿಡಿದು, ಚೆಂಡಿಲ್ಲದೆ ನಿಧಾನವಾಗಿ ಮೈ ತಿರುಗಿಸಿ. ಮರಳುವಾಗ ಸೊಂಟ ಮೊದಲು ತಿರುಗಲಿ. ಆಮೇಲೆ ಸ್ವಿಂಗ್ ಮಾಡುವಾಗ ಮೊಬೈಲನ್ನು ಗುರಿಯ ಗೆರೆಯ ಹಿಂಬದಿಯಲ್ಲಿಟ್ಟು ವಿಡಿಯೊ ಮಾಡಿಕೊಂಡರೆ ಹಾದಿ ಕಾಣಿಸುತ್ತದೆ. ಗಾಲ್ಫ್ ಆಡುವವರಲ್ಲಿ ಕೆಳಬೆನ್ನಿನ ನೋವು ಸಾಮಾನ್ಯ. ಬೆನ್ನು, ಸೊಂಟದ ತೊಂದರೆ ಇರುವವರು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳದೆ ಜೋರಾಗಿ ತಿರುಗಲು ಹೋಗಬೇಡಿ.

ಹೋಗನ್ 1997ರ ಜುಲೈ 25ರಂದು, 84ನೇ ವಯಸ್ಸಿನಲ್ಲಿ ಫೋರ್ಟ್ ವರ್ತ್‌ನಲ್ಲಿ ತೀರಿಕೊಂಡರು. ತಮ್ಮ ಚೆಂಡು ಯಾವ ಕಡೆ, ಯಾಕೆ ಬಾಗುತ್ತದೆಂದು ವರ್ಷಗಟ್ಟಲೆ ಹುಡುಕಿದ ಮೇಲೆ ಅವರಿಗೆ ಪರಿಹಾರ ಸಿಕ್ಕಿತ್ತು. ಮುಂದಿನ ಸಲ ‘ದಿಗ್ಗಜನ ಗುಟ್ಟು’ ಎಂಬ ಮೆಸೇಜ್ ಬಂದಾಗ, ಆ ಮದ್ದು ಯಾವ ಕಾಯಿಲೆಗೆ ಎಂದು ಒಮ್ಮೆ ಕೇಳಿ, ಆಮೇಲೆ ಫಾರ್ವರ್ಡ್ ಮಾಡಿ.