ಮಾತಿನ ನಿಯಮ ಹುಡುಕಿದ ಕೇಶಿರಾಜ

ಮಕ್ಕಳೇ, ಹನ್ನೆರಡು ಚೀಟಿ ಮಾಡಿಕೊಳ್ಳಿ. ನಾಲ್ಕರಲ್ಲಿ ಬೆಕ್ಕು, ಅಜ್ಜ, ಹುಡುಗಿ, ಕೋತಿ ಎಂದು ಬರೆಯಿರಿ. ಇನ್ನು ನಾಲ್ಕರಲ್ಲಿ ಬೆಟ್ಟ, ಸೀರೆ, ಹಲಸು, ಊರು. ಉಳಿದವುಗಳಲ್ಲಿ ನುಂಗು, ನೋಡು, ಹುಡುಕು, ಎಳೆ. ಪ್ರತಿ ಗುಡ್ಡೆಯಿಂದ ಕಣ್ಣು ಮುಚ್ಚಿ ಒಂದೊಂದು ಎತ್ತಿ. ಹೀಗೆ 64 ವಾಕ್ಯಗಳಾಗುತ್ತವೆ!

ಬೆಕ್ಕು, ಬೆಟ್ಟ, ನುಂಗು ಬಂತೆನ್ನಿ. ಬೆಕ್ಕು ಬೆಟ್ಟವನ್ನು ನುಂಗಿತು ಎನ್ನುತ್ತೀರಿ. ನಡುವೆ 'ವ' ಎಲ್ಲಿಂದ ಬಂತು? ಊರು ಬಂದರೆ ಊರನ್ನು ಎನ್ನುತ್ತೀರಿ. ಅಲ್ಲಿದ್ದ 'ಉ' ಎಲ್ಲಿ ಹೋಯಿತು? ಅಜ್ಜನಾದರೆ ನುಂಗಿದನು, ಹುಡುಗಿಯಾದರೆ ನುಂಗಿದಳು. ಯಾರೂ ಹೇಳಿಕೊಡದಿದ್ದರೂ ನಿಮ್ಮ ನಾಲಿಗೆಗೆ ಇದೆಲ್ಲ ಗೊತ್ತು. ಇಂಥ ನಿಯಮಗಳನ್ನು ತನ್ನ ಕಾಲದ ಹಳಗನ್ನಡಕ್ಕೆ ಹುಡುಕಿ ಬರೆದಿಟ್ಟವನು ಕೇಶಿರಾಜ.

ಆತ ಬಾಳಿದ್ದು 13ನೇ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ. ತಂದೆ ಮಲ್ಲಿಕಾರ್ಜುನ ಹಲವು ಕವಿಗಳ ಪದ್ಯಗಳನ್ನು ಆರಿಸಿ 'ಸೂಕ್ತಿಸುಧಾರ್ಣವ' ಎಂಬ ಸಂಕಲನ ಮಾಡಿದವನು. ತಾಯಿಯ ತಂದೆ ಸುಮನೋಬಾಣನೂ ಕವಿ. 'ಯಶೋಧರ ಚರಿತೆ' ಬರೆದ ಜನ್ನ ಸೋದರಮಾವ. ಇಂಥ ಮನೆಯಲ್ಲಿ ಬೆಳೆದವನ ಕಿವಿ ಎಷ್ಟು ಚುರುಕಾಗಿದ್ದಿರಬೇಕು!

ಆಗ ಕನ್ನಡ ಬದಲಾಗುತ್ತಿತ್ತು. 'ೞ' ಎಂಬ ಹಳೆಯ ಅಕ್ಷರದ ಉಚ್ಚಾರ ಮರೆಯಾಗುತ್ತಿತ್ತು. ಯಾವ ಪದದಲ್ಲಿ 'ಳ', ಯಾವುದರಲ್ಲಿ 'ೞ' ಎಂಬುದೇ ಗೊಂದಲ. ಕೇಶಿರಾಜ 'ೞ' ಇರುವ ಪದಗಳನ್ನು ಪಟ್ಟಿ ಮಾಡಿದ. ಕ್ರಿಯಾಪದಗಳ ಮೂಲವಾದ ಧಾತುಗಳನ್ನು ನೂರಾರು ಸಂಖ್ಯೆಯಲ್ಲಿ ಕೂಡಿಸಿದ. ನಿಯಮಗಳನ್ನು ತನ್ನ ಮನಸ್ಸಿಗೆ ತೋಚಿದಂತೆ ಬರೆಯಲಿಲ್ಲ. ಹಿಂದಿನ ಕವಿಗಳ ಪ್ರಯೋಗಗಳನ್ನು ನೋಡಿ ಬರೆದ. ಸುಮಾರು 1260ರಲ್ಲಿ ರಚಿಸಿದ ಆ ಗ್ರಂಥವೇ 'ಶಬ್ದಮಣಿದರ್ಪಣ'.

ಈಗ ನಿಮ್ಮ ಚೀಟಿಯಾಟವನ್ನು ಕಂಪ್ಯೂಟರಿಗೆ ಕಲಿಸೋಣ. ಪೈಥಾನ್‌ನಂತಹ ಸ್ಕ್ರಿಪ್ಟ್ ಭಾಷೆಯಲ್ಲಿ ಪದಗಳ ಪಟ್ಟಿಯನ್ನೂ ನಿಯಮಗಳನ್ನೂ ಬರೆದುಕೊಟ್ಟರೆ ಅದು ಕ್ಷಣದಲ್ಲಿ ವಾಕ್ಯಗಳನ್ನು ಹೆಣೆಯುತ್ತದೆ. ಆದರೆ ಅದಕ್ಕೆ ನಿಮ್ಮ ನಾಲಿಗೆಯ ರೂಢಿ ಇಲ್ಲ. ಒಂದು ನಿಯಮ ಬಿಟ್ಟುಹೋದರೂ ಬೆಕ್ಕು ಬೆಟ್ಟಅನ್ನು ನುಂಗಿದನು ಎಂದುಬಿಡುತ್ತದೆ! ವೈ.ಎನ್.ಹೊಸಕೋಟೆಯ ನೇಕಾರರ ಮನೆಯ ಮಕ್ಕಳಿಗೆ ಇದು ಬೇಗ ತಿಳಿದೀತು. ಜಕಾರ್ಡ್ ಮಗ್ಗದ ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಸೀರೆಯ ಹೂವೂ ತಪ್ಪುತ್ತದೆಯಲ್ಲವೇ? ಇನ್ನು, ಬೆಕ್ಕು ಬೆಟ್ಟವನ್ನು ನುಂಗಲಾರದು ಎಂಬುದು ವ್ಯಾಕರಣದ ನಿಯಮಗಳಿಂದ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಸಬೇಕು.

ಕೇಶಿರಾಜ ಕಾವ್ಯಗಳನ್ನೂ ಬರೆದಿದ್ದ. ಅವುಗಳಲ್ಲಿ ಒಂದೂ ನಮಗೆ ಸಿಕ್ಕಿಲ್ಲ. ವ್ಯಾಕರಣವನ್ನು ಮಾತ್ರ ಜನರು ತಲೆಮಾರುಗಳ ಕಾಲ ಓಲೆಗರಿಗಳಲ್ಲಿ ನಕಲು ಮಾಡಿಕೊಂಡು ಬಂದರು. 1872ರಲ್ಲಿ ಕಿಟೆಲ್ ಅದನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು.