ವೃತ್ತಿಯ ಮೊದಲ ಮೆಟ್ಟಿಲು

ಕೃಷ್ಣರಾಜಸಾಗರವನ್ನು ಕಂಡವರು ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯದೆ ಇರಲಾರರು. ಆ ಮಹಾಕಾರ್ಯ 1911ರಲ್ಲಿ ಆರಂಭವಾದಾಗ ಅವರಿಗೆ ಐವತ್ತು ವರ್ಷ. ಅದಕ್ಕೆ ಬಹಳ ಮೊದಲು, ದೂರದ ಮುಂಬಯಿ ಪ್ರಾಂತ್ಯದಲ್ಲಿ, ಹೆಸರಿಲ್ಲದ ಕಿರಿಯ ಇಂಜಿನಿಯರ್ ಆಗಿ ಅವರು ತಮ್ಮ ವೃತ್ತಿಯನ್ನು ಕಲಿತ ಬಗೆಯನ್ನು ನಾವು ತಿಳಿಯಬೇಕು.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು; ಮನೆಯಲ್ಲಿ ವಿದ್ಯೆಯಿತ್ತು, ಸಂಪತ್ತಿರಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯ ಪಡೆದರು. ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಓದಿನ ವೆಚ್ಚವನ್ನು ತಾವೇ ದುಡಿದುಕೊಂಡರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು.

ಅಂದು ಇಂಜಿನಿಯರ್ ಆಗಬಯಸುವವರು ಎಲ್.ಸಿ.ಇ. ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಅದರ ಮೊದಲ ಅಕ್ಷರ ಲೈಸೆನ್ಷಿಯೇಟ್ ಎಂಬ ಪದದ್ದು; ವೃತ್ತಿಗೆ ಅನುಜ್ಞೆ ಪಡೆದವನು ಎಂದು ಅದರ ಅರ್ಥ. ಸೇತುವೆ, ಕಟ್ಟೆ, ಕಾಲುವೆಗಳು ಕುಸಿದರೆ ಜನರ ಪ್ರಾಣಕ್ಕೇ ಅಪಾಯ. ಆದುದರಿಂದ ಅರ್ಹತೆಯನ್ನು ಪರೀಕ್ಷಿಸದೆ ಯಾರಿಗೂ ಅಂತಹ ಕಾರ್ಯಗಳನ್ನು ವಹಿಸುವಂತಿಲ್ಲ. 1883ರಲ್ಲಿ ವಿಶ್ವೇಶ್ವರಯ್ಯನವರು ಆ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಮರುವರ್ಷವೇ ಮುಂಬಯಿ ಸರ್ಕಾರ ಅವರನ್ನು ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ನೇಮಿಸಿತು.

ಪರೀಕ್ಷೆ ಮುಗಿಯಿತು; ಆದರೆ ಪರೀಕ್ಷೆಗಳು ಮುಗಿಯಲಿಲ್ಲ. ಖಾನದೇಶದಲ್ಲಿ ಪಾಂಜ್ರಾ ನದಿಗೆ ಅಡ್ಡಲಾಗಿ ಸೈಫನ್ ನಿರ್ಮಿಸುವ ಕೆಲಸ ಅವರ ಪಾಲಿಗೆ ಬಂದಿತು. ಸೈಫನ್ ಎಂದರೆ ನದಿಯ ತಳದಲ್ಲಿ ಹಾಯ್ದುಹೋಗುವ ಕೊಳವೆ. ಒಂದು ದಡದಲ್ಲಿ ಅದರೊಳಗೆ ಇಳಿದ ನೀರು ತನ್ನ ಒತ್ತಡದಿಂದಲೇ ಇನ್ನೊಂದು ದಡದಲ್ಲಿ ಮೇಲೇರಿ ಮುಂದೆ ಹರಿಯುತ್ತದೆ. ಕೆಲಸ ನಡೆಯುತ್ತಿರುವಾಗಲೇ ಮಳೆಗಾಲ ಬಂದಿತು. ಪ್ರವಾಹ ತಂದ ಮರಳು ಅಗೆದ ಸ್ಥಳವನ್ನು ತುಂಬತೊಡಗಿತು. ಮಳೆ ಕಳೆಯುವವರೆಗೆ ಕೆಲಸವನ್ನು ನಿಲ್ಲಿಸುವುದು ಲೇಸೆಂದು ತರುಣ ಇಂಜಿನಿಯರ್ ಮೇಲಧಿಕಾರಿಗಳಿಗೆ ಬರೆದರು. ಅವರಿಗೆ ಇದು ಮೆಚ್ಚಿಕೆಯಾಗಲಿಲ್ಲ. ಈತ ಕರ್ತವ್ಯದಿಂದ ಹಿಂಜರಿಯುತ್ತಿರುವನೆಂದೇ ಭಾವಿಸಿದರು. ಆಗತಾನೇ ಸೇವೆಗೆ ಸೇರಿದವನಿಗೆ ಇಂತಹ ಅಭಿಪ್ರಾಯ ಮುಂದಿನ ದಾರಿಯನ್ನೇ ಮುಚ್ಚಬಹುದಾಗಿತ್ತು. ವಿಶ್ವೇಶ್ವರಯ್ಯನವರು ವಾದಕ್ಕೆ ನಿಲ್ಲಲಿಲ್ಲ. ಮಳೆಯ ನಡುವೆಯೇ ಕೆಲಸವನ್ನು ಮತ್ತೆ ಕೈಗೊಂಡು ಪೂರ್ಣಗೊಳಿಸಿದರು. ಅಧಿಕಾರಿಗಳ ಅಸಮಾಧಾನ ಮೆಚ್ಚುಗೆಯಾಗಿ ಮಾರ್ಪಟ್ಟಿತು.

ಅಂದಿನಿಂದ ಕಠಿಣ ಕಾರ್ಯಗಳು ಅವರನ್ನೇ ಅರಸಿ ಬಂದವು. ಸಿಂಧ್ ಪ್ರಾಂತದ ಸುಕ್ಕೂರ್ ನಗರಕ್ಕೆ ಕುಡಿಯುವ ನೀರು ಬೇಕಾಗಿತ್ತು. ಸಿಂಧೂ ನದಿಯ ನೀರು ಕೆಸರಿನಿಂದ ಕೂಡಿತ್ತು. ಅದನ್ನು ಸೋಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣ ಸಾಲದಾಗಿತ್ತು. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿದರು. ಮರಳಿನ ಮೂಲಕ ಜಿನುಗಿದ ನೀರು ತಾನಾಗಿಯೇ ತಿಳಿಯಾಯಿತು. 1895ರಲ್ಲಿ ಆ ಯೋಜನೆ ಪೂರ್ಣವಾಯಿತು. ಮುಂದೆ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ಅವರು ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ನೀರಿನ ಮಟ್ಟವನ್ನು ಸುಮಾರು 8 ಅಡಿ ಏರಿಸಲು ಅವುಗಳಿಂದ ಸಾಧ್ಯವಾಯಿತು.

1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿ ಅವರು ತಾಯ್ನಾಡಿಗೆ ಮರಳಿದರು, 1912ರಲ್ಲಿ ದಿವಾನರಾದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. ಶತಾಯುಷಿಗಳಾಗಿ ಬಾಳಿ 1962ರಲ್ಲಿ ಅವರು ಕಾಲವಶರಾದರು. ಅವರ ಜನ್ಮದಿನವನ್ನು ದೇಶವು ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ.

ವಿಶ್ವವಿದ್ಯಾನಿಲಯ ಕೊಟ್ಟ ಅನುಜ್ಞೆ ವಿಶ್ವೇಶ್ವರಯ್ಯನವರಿಗೆ ವೃತ್ತಿಯ ಬಾಗಿಲನ್ನು ತೆರೆಯಿತು. ಆದರೆ ಜನರ ನಂಬಿಕೆಯನ್ನು ಯಾವ ಪತ್ರವೂ ತಂದುಕೊಡಲಾರದು. ಅದನ್ನು ಅವರು ಪಾಂಜ್ರಾ ನದಿಯ ಕೆಸರಿನಲ್ಲಿ, ಸುಕ್ಕೂರಿನ ಮರಳಿನಲ್ಲಿ, ಬೆವರು ಸುರಿಸಿ ಗಳಿಸಿದರು.