ಅರ್ಧ ಡಿಗ್ರಿಯ ಹಿಂದೆ ಬಿದ್ದ ಜೂಲ್

ಸಂಡೂರು ಕಡೆಯ ಘಾಟಿ ರಸ್ತೆಯಲ್ಲಿ ಅದಿರಿನ ಲಾರಿ ಹಿಂದೆ ಬೈಕಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಬ್ರೇಕ್ ಕಾದ ವಾಸನೆ ಚೆನ್ನಾಗಿ ಗೊತ್ತು. ಬೆಂಕಿ ಎಲ್ಲೂ ಇಲ್ಲ, ಆದ್ರೂ ಬ್ರೇಕ್ ಡ್ರಮ್ ಮುಟ್ಟೋಕಾಗಲ್ಲ. ಆ ಬಿಸಿ ಎಲ್ಲಿಂದ ಬಂತು? ಇದಕ್ಕೆ ನಂಬರ್ ಸಮೇತ ಉತ್ತರ ಕೊಟ್ಟವನು ಜೇಮ್ಸ್ ಪ್ರೆಸ್ಕಾಟ್ ಜೂಲ್. ಯೂನಿಟ್ ಆಗಿ ಅವನ ಹೆಸರನ್ನು ದಿನಾ ಬರೀತೀವಿ. ಮನುಷ್ಯನಾಗಿ ಅವನು ಯಾರು ಅಂತ ನಮ್ಮ ಬೆಂಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಈ ಬರಹ.

ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫೋರ್ಡಿನಲ್ಲಿ. ಅಪ್ಪನದು ಬಿಯರ್ ಕಾರ್ಖಾನೆ. ಹುಡುಗನ ಆರೋಗ್ಯ ಅಷ್ಟಕ್ಕಷ್ಟೇ ಇದ್ದದ್ದರಿಂದ ಪಾಠವೆಲ್ಲ ಮನೆಯಲ್ಲೇ. ಸ್ವಲ್ಪ ಕಾಲ ಪಾಠ ಹೇಳಿದವನು ಮಾತ್ರ ಸಾಮಾನ್ಯನಲ್ಲ, ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್! ಆಮೇಲೆ ಜೂಲ್ ಯಾವ ಯೂನಿವರ್ಸಿಟಿಗೂ ಓದೋಕೆ ಹೋಗಲಿಲ್ಲ, ಅಪ್ಪನ ಕಾರ್ಖಾನೆಗೆ ಸೇರಿದ. ಕಂಪ್ಲಿ ಕಡೆ ಬೆಲ್ಲದ ಪಾಕ ಕಾಯಿಸುವವರಿಗೆ ಹೇಗೋ ಹಾಗೆ ಬಿಯರ್ ಮಾಡುವವರಿಗೂ ಕಾವಿನ ಲೆಕ್ಕವೇ ಪ್ರಾಣ. ಆ ಕಸುಬು ಅವನ ಕೈಗೆ ಥರ್ಮಾಮೀಟರ್ ಕೊಟ್ಟಿತು ಅಂತ ನಮಗನ್ನಿಸುತ್ತೆ.

ಆಗ ಬಹಳಷ್ಟು ಜನ ಶಾಖವನ್ನು ಒಂದು ವಸ್ತು ಅಂತ ನಂಬಿದ್ದರು. ಕ್ಯಾಲೋರಿಕ್ ಅನ್ನೋ ಕಣ್ಣಿಗೆ ಕಾಣದ ದ್ರವ ಬಿಸಿ ವಸ್ತುವಿನಿಂದ ತಣ್ಣನೆಯದಕ್ಕೆ ಹರಿಯುತ್ತೆ, ಆದರೆ ಹೊಸದಾಗಿ ಹುಟ್ಟಲ್ಲ. ಹಾಗಾದ್ರೆ ಬ್ರೇಕಿನ ಬಿಸಿ? ಜೂಲ್ ಹೇಳಿದ್ದು ಇಷ್ಟೇ: ಕೆಲಸವೇ ಶಾಖವಾಗುತ್ತೆ, ಇಷ್ಟು ಕೆಲಸಕ್ಕೆ ಇಷ್ಟೇ ಶಾಖ. 1843ರಲ್ಲಿ ಐರ್ಲೆಂಡಿನ ಕಾರ್ಕ್ ಊರಿನ ವಿಜ್ಞಾನ ಸಭೆಯಲ್ಲಿ ಇದನ್ನು ಮಂಡಿಸಿದಾಗ ಯಾರೂ ಕಿವಿಗೊಡಲಿಲ್ಲ. ರಾಯಲ್ ಸೊಸೈಟಿಯೂ ಅವನ ಲೇಖನಗಳನ್ನು ಪೂರ್ತಿ ಅಚ್ಚು ಹಾಕೋಕೆ ಮನಸ್ಸು ಮಾಡಲಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ ಬಿಡಿ. ಡಿಗ್ರಿ ಇಲ್ಲದ ಒಬ್ಬ ಬಿಯರ್ ವ್ಯಾಪಾರಿ ಅರ್ಧ ಡಿಗ್ರಿ ವ್ಯತ್ಯಾಸ ತೋರಿಸಿ ಇಡೀ ಸಿದ್ಧಾಂತ ಬದಲಿಸಿ ಅಂದ್ರೆ ನಾವಾದರೂ ನಂಬ್ತಿದ್ವಾ?

ಅವನ ಪ್ರಸಿದ್ಧ ಪ್ರಯೋಗ ನಿಮಗೆ ಗೊತ್ತೇ ಇದೆ: ತೂಕ ಕೆಳಗಿಳಿಯುತ್ತೆ, ಹುಟ್ಟು ನೀರನ್ನು ಕಡೆಯುತ್ತೆ, ನೀರು ಬಿಸಿಯಾಗುತ್ತೆ. ಪುಸ್ತಕದಲ್ಲಿ ಇದು ಎರಡು ಸಾಲು. ನಿಜವಾಗಿ ಆದದ್ದು ಬೇರೆ. ತಲಾ 29 ಪೌಂಡಿನ ಎರಡು ಸೀಸದ ತೂಕಗಳನ್ನು 63 ಇಂಚು ಇಳಿಯಲು ಬಿಡಬೇಕು, ಮತ್ತೆ ಸುತ್ತಿ ಮೇಲೇರಿಸಬೇಕು, ಹೀಗೆ 20 ಸಲ. ಅರ್ಧ ಗಂಟೆಗೂ ಹೆಚ್ಚು ಹೊತ್ತಿನ ಈ ಕಸರತ್ತಿಗೆ ಆರು ಲೀಟರ್ ಚಿಲ್ಲರೆ ನೀರು ಏರಿದ್ದು ಸುಮಾರು 0.57 ಫ್ಯಾರನ್‌ಹೀಟ್, ಅಂದ್ರೆ ನಮ್ಮ ಸೆಲ್ಸಿಯಸ್‌ನಲ್ಲಿ 0.3. ಪಕ್ಕದಲ್ಲಿ ನಿಂತ ಮನುಷ್ಯನ ಮೈಶಾಖವೂ ಲೆಕ್ಕ ಕೆಡಿಸಬಹುದು. ಅದಕ್ಕೇ ತಾಪಮಾನ ಏರುಪೇರಾಗದ ನೆಲಮಾಳಿಗೆ ಬೇಕಾಯಿತು, ಮ್ಯಾಂಚೆಸ್ಟರಿನ ಡಾನ್ಸರ್ ಮಾಡಿಕೊಟ್ಟ ಸೂಕ್ಷ್ಮ ಥರ್ಮಾಮೀಟರ್ ಬೇಕಾಯಿತು. 1850ರಲ್ಲಿ ಅಚ್ಚಾದ ಉತ್ತರ: ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು 772 ಅಡಿ‑ಪೌಂಡ್ ಕೆಲಸ. ಈಗಿನ ಲೆಕ್ಕದಲ್ಲಿ ಅದು 778. ತಪ್ಪು ಶೇಕಡಾ ಒಂದಕ್ಕಿಂತ ಕಡಿಮೆ!

ಇದಕ್ಕೂ ಮುಂಚೆ, 1847ರ ಆಕ್ಸ್‌ಫರ್ಡ್ ಸಭೆಯಲ್ಲಿ, ಬೇಗ ಮುಗಿಸು ಅಂತ ಜೂಲ್‌ಗೆ ಸೂಚನೆ ಇತ್ತು. ಕೇಳುತ್ತಿದ್ದವರಲ್ಲಿ ಒಬ್ಬ ಮಾತ್ರ ಎಚ್ಚೆತ್ತ. ಅವನು ವಿಲಿಯಂ ಥಾಮ್ಸನ್, ಮುಂದೆ ಕೆಲ್ವಿನ್ ಆದವನು. ಆಗಿನ್ನೂ ಅವನ ವಯಸ್ಸು 22, ನಮಗಿಂತ ಮೂರೇ ವರ್ಷ ದೊಡ್ಡವನು. ಅದೇ ವರ್ಷ ಜೂಲ್ ಅಮೀಲಿಯಾ ಗ್ರೈಮ್ಸ್‌ಳನ್ನು ಮದುವೆಯಾಗಿ ಆಲ್ಪ್ಸ್ ಕಡೆ ಹೋದ. ಜಲಪಾತದ ಮೇಲಿನ ನೀರಿಗಿಂತ ಕೆಳಗಿನ ನೀರು ಎಷ್ಟು ಬೆಚ್ಚಗಿದೆ ಅಂತ ಅಳೆಯೋಕೆ ಹನಿಮೂನಿನಲ್ಲೂ ಥರ್ಮಾಮೀಟರ್ ಹಿಡಿದಿದ್ದ ಅಂತ ಥಾಮ್ಸನ್ ಮುಂದೆ ಹೇಳಿದ. ಸ್ವಲ್ಪ ಉಪ್ಪು ಖಾರ ಸೇರಿಸಿದ್ದಾನೆ ಅಂತ ಇತಿಹಾಸಕಾರರ ಅನುಮಾನ.

ಲೆಕ್ಕ ಮಾತ್ರ ನಮ್ಮೂರಲ್ಲೇ ಮಾಡಬಹುದು. ಹೊಸಪೇಟೆಯ ಟಿಬಿ ಡ್ಯಾಮ್ ಸುಮಾರು 49 ಮೀಟರ್. ಅಷ್ಟು ಎತ್ತರದಿಂದ ಬಿದ್ದ ನೀರು ಎಲ್ಲಾ ಶಕ್ತಿಯನ್ನೂ ತನ್ನಲ್ಲೇ ಇಟ್ಟುಕೊಂಡರೂ ಏರೋದು 0.11 ಡಿಗ್ರಿ. ಜೋಗದ 253 ಮೀಟರಿಗೂ 0.6 ದಾಟಲ್ಲ. ಇನ್ನೊಂದು ತಕರಾರು: ಒಂದು ಕೆಜಿ ನೀರಿನಲ್ಲಿ ಒಂದೇ ಗ್ರಾಂ ಆವಿಯಾದರೂ ಉಳಿದ ನೀರು ಅರ್ಧ ಡಿಗ್ರಿಗಿಂತ ಹೆಚ್ಚು ತಣ್ಣಗಾಗುತ್ತೆ. ತುಂತುರು ಜಾಸ್ತಿ ಇರುವ ಜಲಪಾತದಲ್ಲಿ ಅಳತೆ ಕೈಕೊಡೋದು ಇದಕ್ಕೇ. ಸ್ಥಿತಿ ಬದಲಾಯಿಸೋಕೆ ಬೇಕಾಗುವ ಶಕ್ತಿ ಅಷ್ಟು ದೊಡ್ಡದು. 30 ಟನ್ ಲಾರಿ ಘಾಟಿಯಲ್ಲಿ 100 ಮೀಟರ್ ಇಳಿದಾಗ ಕಳೆದುಕೊಳ್ಳುವ 29 ಮೆಗಾಜೂಲ್‌ನಲ್ಲಿ 90 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅದನ್ನೆಲ್ಲ ಆವಿ ಮಾಡೋಕೆ ಇನ್ನೂ ಏಳು ಲಾರಿ ಇಳಿಯಬೇಕು.

1854ರಲ್ಲಿ ಅಮೀಲಿಯಾ ತೀರಿಕೊಂಡಳು, ಹುಟ್ಟಿದ ಮಗುವೂ ಉಳಿಯಲಿಲ್ಲ. ಅದೇ ವರ್ಷ ಕಾರ್ಖಾನೆ ಮಾರಾಟವಾಯಿತು. ಎರಡು ಪುಟ್ಟ ಮಕ್ಕಳ ಜೊತೆ ಉಳಿದ ಜೂಲ್, ಥಾಮ್ಸನ್ ಜೊತೆಗಿನ ಪ್ರಯೋಗ ಬಿಡಲಿಲ್ಲ. ಒತ್ತಡದ ಅನಿಲ ಸಣ್ಣ ರಂಧ್ರಗಳ ಮೂಲಕ ಹಿಗ್ಗಿದಾಗ ಸ್ವಲ್ಪ ತಣ್ಣಗಾಗುತ್ತೆ ಅಂತ ಇಬ್ಬರೂ ಕಂಡುಕೊಂಡರು. ಮತ್ತೆ ಅದೇ ಚಿಲ್ಲರೆ ಡಿಗ್ರಿಗಳು! 1895ರಲ್ಲಿ ಜರ್ಮನಿಯ ಲಿಂಡೆ ಅದನ್ನೇ ಮತ್ತೆ ಮತ್ತೆ ಮಾಡಿಸಿ ಗಾಳಿಯನ್ನೇ ದ್ರವ ಮಾಡಿದ. 2021ರ ಕೋವಿಡ್ ಅಲೆಯಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನಿಂದ ಟ್ಯಾಂಕರುಗಳಲ್ಲಿ ಆಸ್ಪತ್ರೆಗಳಿಗೆ ಹೋದ ದ್ರವ ಆಕ್ಸಿಜನ್ ನೆನಪಿದೆಯಲ್ವಾ? ಅದರ ಬೇರು ಇಲ್ಲಿದೆ.

ಕೊನೆಗಾಲದಲ್ಲಿ ಕೈಯಲ್ಲಿ ದುಡ್ಡು ಕಡಿಮೆಯಾಗಿ, 1878ರಿಂದ ಸರ್ಕಾರದ ಪಿಂಚಣಿ ಬರುತ್ತಿತ್ತು. ಅದೇ ವರ್ಷ ಹಳೇ ಪ್ರಯೋಗವನ್ನು ಇನ್ನೊಮ್ಮೆ ಮಾಡಿ 772.55 ಅಂತ ಪ್ರಕಟಿಸಿದ. 1889ರ ಅಕ್ಟೋಬರ್ 11ರಂದು ತೀರಿಕೊಂಡ.

ನಮ್ಮ ಲ್ಯಾಬಿನಲ್ಲಿ ಇದೇ ಸ್ಥಿರಾಂಕ 4.6 ಬಂದಿತ್ತು. ರೆಕಾರ್ಡಿನಲ್ಲಿ 4.18 ಅಂತ ಬರೆದು ಸಹಿ ಹಾಕಿಸಿಕೊಂಡ್ವಿ. ಬ್ರೂಕ್‌ಲ್ಯಾಂಡ್ಸ್ ಸ್ಮಶಾನದಲ್ಲಿರುವ ಜೂಲ್ ಸಮಾಧಿಯ ಕಲ್ಲಿನ ಮೇಲೆ ಈಗಲೂ 772.55 ಅಂತಲೇ ಇದೆ.